ಗುಡ್ಡದೂರಿನ ಮಜ್ಜಿಗೆ

ಆಗ ನನಗೆ ಮೂವತ್ನಾಲ್ಕು ವಯಸ್ಸು. ಇದು ನಲವತ್ತೇಳು ವರ್ಷದ ಹಿಂದಿನ ಮಾತು. ಕುರುಗೋಡಿನ ಆಚೆ, ಗುಡ್ಡದ ಮೇಲೆ, ಹಳೆಯ ಕೋಟೆಯೊಳಗೆ ಒಂದು ಸಣ್ಣ ಊರಿತ್ತು. ಅಲ್ಲಿಯ ಒಂದು ಮನೆಯವರು ನನ್ನ ಮಗಳನ್ನು ಕೇಳಿದ್ದರು. ಅವರ ಮನೆ ನೋಡಿಕೊಂಡು ಬರಲು ಮೂವರು ಹೋಗಿದ್ದೆವು: ನಮ್ಮ ಮನೆಯವರು, ಅವರ ಅಣ್ಣ ಅಂದರೆ ನನ್ನ ಭಾವ, ಮತ್ತು ನಾನು.

ಹೋದ ತಿಂಗಳು ಮೊಮ್ಮಗಳು ಫೋನು ತಂದು ನನ್ನ ಮುಖದ ಮುಂದೆ ಹಿಡಿದಳು. ಫ್ರಾನ್ಸ್ ದೇಶದ ಯಾವುದೋ ಹಳ್ಳಿ. ಗುಡ್ಡದ ನೆತ್ತಿಯ ಮೇಲೆ ಕಲ್ಲಿನ ಮನೆಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ಓಣಿಗೂ ಕಲ್ಲು, ಮೆಟ್ಟಿಲಿಗೂ ಕಲ್ಲು. ಕಿಟಕಿಗಳಿಗೆಲ್ಲ ಹೂವಿನ ಕುಂಡ. ಜನ ದುಡ್ಡು ಕೊಟ್ಟು ಆ ಊರನ್ನು ನೋಡಲು ಹೋಗುತ್ತಾರಂತೆ.

"ಎಷ್ಟ್ ಚೆಂದ ಐತಿ ನೋಡಜ್ಜಿ," ಅಂದಳು.

"ಆ ಹೂವಿನ ಗಿಡಕ್ಕ ನೀರು ಯಾರು ಹೊರತಾರ?"

"ಈಗೆಲ್ಲ ನಳ ಇರ್ತಾವಜ್ಜಿ."

"ನಳ ಬರೋಕ್ಕಿಂತ ಮದ್ಲ ಯಾರು ಹೊರತಿದ್ರು?"

ಅದು ಆಕೆಗೆ ಗೊತ್ತಿರಲಿಲ್ಲ. ಫೋನಿಗೂ ಗೊತ್ತಿರಲಿಲ್ಲ. ನನಗೆ ಗೊತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಸಿರುಗುಪ್ಪದ ಅಂಚಿಗೆ, ಕಾಲುವೆಯ ಮಗ್ಗುಲಿಗೆ ಇತ್ತು. ಹಿತ್ತಲ ಬಾಗಿಲು ತೆಗೆದರೆ ನೀರು. ಸುತ್ತ ನೆಲ್ಲಿನ ಗದ್ದೆ. ನಾವು ಸೊಳ್ಳೆಯ ಚಿಂತೆ ಮಾಡುತ್ತಿದ್ದೆವು, ಕೆಸರಿನ ಚಿಂತೆ ಮಾಡುತ್ತಿದ್ದೆವು, ನೀರಿನ ಚಿಂತೆ ಮಾಡಿದವರಲ್ಲ. ಮಗಳಿಗೆ ಹದಿನೇಳು ತುಂಬಿತ್ತು. ಒಬ್ಬಳೇ ಮಗಳು. ದೊಡ್ಡ ಚೆಲುವೆಯಲ್ಲ, ಕೆಲಸದಲ್ಲಿ ಚುರುಕೂ ಅಲ್ಲ. ಪಾತ್ರೆ ಬೆಳಗಲು ಹೋದವಳು ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂತರೆ ಎಬ್ಬಿಸಲು ಕೋಲು ತೆಗೆದುಕೊಂಡು ಹೋಗಬೇಕು. ಬಿಂದಿಗೆಯನ್ನು ತಲೆಯ ಮೇಲೆ ಹೊತ್ತೇ ಗೊತ್ತಿರಲಿಲ್ಲ ಅವಳಿಗೆ. ಹತ್ತು ಹೆಜ್ಜೆಯ ದಾರಿಗೆ ಸೊಂಟ ಸಾಕಾಗಿತ್ತು.

ಸಂಬಂಧ ತಂದವರು ಭಾವ. ಹತ್ತಿ ಮಾರಲು ಬಳ್ಳಾರಿಗೆ ಹೋದಾಗ ಆ ಮನೆಯ ಹಿರಿಯರ ಗುರುತಾಗಿತ್ತು. ಅವರು ಬಂದು ಹುಡುಗಿಯನ್ನು ನೋಡಿ ಒಪ್ಪಿ ಹೋಗಿದ್ದರು. ಭಾವನಿಗೆ ಹಳೆಯದೆಲ್ಲ ದೊಡ್ಡದು. "ಅವರದು ಕೋಟೆಯೊಳಗಿನ ಮನೆತನ, ಪಾಳೇಗಾರರ ಕಾಲದ್ದು. ಕೆಳಗ ಎರೆ ಹೊಲ, ಮ್ಯಾಲ ಕಲ್ಲಿನ ಮನಿ. ಇನ್ನೇನು ಬೇಕು?" ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಊರು ಗುಡ್ಡದ ಮೇಲಿದೆ ಎಂದು ಕೇಳಿದಾಗಲೇ ನನಗೆ ನೀರಿನ ಚಿಂತೆ ಹತ್ತಿತ್ತು. ಮನೆ ನೋಡಲು ಹೆಂಗಸರು ಹೋಗುವುದಿಲ್ಲ, ಗಂಡಸರೇ ಹೋಗುವುದು. ನಾನು ಮೂರು ದಿನ ಹಟ ಹಿಡಿದು ಹೊರಟೆ. ಸರಿ ಕಾಣದಿದ್ದರೆ ಗಂಡಸರಿಂದ ಬೇಡ ಅನ್ನಿಸಿಯೇ ಬರಬೇಕು ಎಂದು.

ಇಲ್ಲಿ ನಮ್ಮ ಜನರ ಎರಡು ಕಟ್ಟುಪಾಡುಗಳನ್ನು ಹೇಳಬೇಕು.

ಮನೆ ನೋಡಲು ಹೋದವರು ಆ ಮನೆಯಲ್ಲಿ ಬೆಲ್ಲ ತಿನ್ನಬಹುದು, ಹಾಲು ಕುಡಿಯಬಹುದು, ಚಹಾ ಕುಡಿಯಬಹುದು. ಉಪ್ಪು ಬಿದ್ದದ್ದನ್ನು ಬಾಯಿಗೆ ಹಾಕುವಂತಿಲ್ಲ. ಉಪ್ಪು ಉಂಡರೆ ಮಾತು ಕೊಟ್ಟ ಹಾಗೆ. ಮನೆ ಒಪ್ಪಿಗೆಯಾದರೆ ಹೆಣ್ಣಿನ ಕಡೆಯ ಹಿರಿಯರು ತಾವೇ "ಇನ್ನ ಉಪ್ಪು ತರ್ರಿ" ಅನ್ನುತ್ತಾರೆ, ಆಗ ಊಟಕ್ಕೆ ಬಡಿಸುತ್ತಾರೆ. ಒಪ್ಪಿಗೆಯಾಗದಿದ್ದರೆ ಬೆಲ್ಲದ ಬಾಯಲ್ಲೇ "ಮತ್ತ ಬರ್ತೀವ್ರಿ" ಎಂದು ಎದ್ದು ಬರುವುದು. ಯಾರಿಗೂ ಅವಮಾನವಿಲ್ಲ. ಆದರೆ ಉಪ್ಪು ಉಂಡು ಹಿಂದೆ ಸರಿದ ಮನೆಗೆ ಮುಂದೆ ಯಾರೂ ಹೆಣ್ಣು ಕೇಳಿ ಬರುವುದಿಲ್ಲ.

ಇನ್ನೊಂದು, ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ಬಾಯಿ ತೆರೆಯುವಂತಿಲ್ಲ. ಒಂದೇ ಒಲೆಯ ರೊಟ್ಟಿ ತಿಂದು ಬದುಕಿದರೂ ನಾನು ಭಾವನ ಜೊತೆ ಒಂದು ಮಾತು ನೇರವಾಗಿ ಆಡಿದವಳಲ್ಲ. ಹೇಳಬೇಕಾದದ್ದನ್ನು ಗಂಡನಿಗೆ ಹೇಳಬೇಕು, ಗಂಡ ಅಣ್ಣನಿಗೆ ಮುಟ್ಟಿಸಬೇಕು. ನಮ್ಮ ಮನೆಯವರು ಒಳ್ಳೆಯವರೇ. ಆದರೆ ಅವರ ಮಾತು ಗಂಟಲಿನಿಂದ ತುಟಿಗೆ ಬರುವಷ್ಟರಲ್ಲಿ ಎತ್ತುಗಳು ಒಂದು ಸಾಲು ಮುಗಿಸಿ ತಿರುಗಿರುತ್ತಿದ್ದವು.

ಶಿವರಾತ್ರಿ ಮುಗಿದಿತ್ತು. ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಹೋದೆವು. ಬಸ್‌ಸ್ಟ್ಯಾಂಡಿನಲ್ಲಿ ಭಾವ ಬಳ್ಳಾರಿಯ ಗುಡ್ಡದ ಕೋಟೆಯ ಕಡೆ ಕೈ ತೋರಿಸಿ ತಮ್ಮನಿಗೆ ಕಥೆ ಹೇಳಿದರು. ನಾನೂ ನೋಡಿದೆ. ಬಳ್ಳಾರಿಯವರಿಗೂ ಗುಡ್ಡ ಇದೆ, ಕೋಟೆ ಇದೆ. ಆದರೆ ಅವರು ಬುದ್ಧಿವಂತರು, ಮನೆಗಳನ್ನು ಕೆಳಗೆ ಕಟ್ಟಿಕೊಂಡಿದ್ದಾರೆ.

ಕುರುಗೋಡಿನಲ್ಲಿ ಇಳಿದಾಗ ಹುಡುಗನೇ ಬಂಡಿ ಕಟ್ಟಿಕೊಂಡು ಬಂದಿದ್ದ. ಬೆಳ್ಳಗೆ ತೊಳೆದ ಅಂಗಿ, ತಗ್ಗಿದ ಕಣ್ಣು, ಕೇಳಿದ್ದಕ್ಕೆ ಮಾತ್ರ ಉತ್ತರ. ಹುಡುಗನ ಮೇಲೆ ನನಗೆ ಅವತ್ತೂ ದೂರಿರಲಿಲ್ಲ, ಈಗಲೂ ಇಲ್ಲ. ಬಂಡಿ ಜೋಳದ ಕೂಳೆಯ ನಡುವೆ ಹೋಗಿ ಗುಡ್ಡದ ಬುಡದಲ್ಲಿ ನಿಂತಿತು. ಅಲ್ಲಿ ಒಂದು ಬಾವಿ. ನಾಲ್ಕೈದು ಹೆಂಗಸರು ಹಗ್ಗ ಎಳೆಯುತ್ತಿದ್ದರು. ಅವರಲ್ಲಿ ಒಬ್ಬಳು ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದಳು.

"ನಮ್ಮ ಅಣ್ಣನ ಹೆಂಡ್ತಿ," ಅಂದ ಹುಡುಗ.

ಅವಳಿಗೆ ಇಪ್ಪತ್ತೈದು ಇದ್ದೀತು. ಮುಖ ನಲವತ್ತರದು. ದೊಡ್ಡ ಕೊಡ ತಲೆಗೆ, ಅದರ ಮೇಲೆ ಸಣ್ಣದು, ಸೊಂಟದಲ್ಲಿ ಒಂದು ತಂಬಿಗೆ. ಎತ್ತಿಕೊಂಡು ಮೆಟ್ಟಿಲ ಕಡೆ ಹೊರಟಳು. ಹುಡುಗ ಕೈ ಬೀಸಿಕೊಂಡು ಮುಂದೆ ಹೊರಟ.

"ನೀವು ಒಂದು ಕೊಡ ಹಿಡಿಯಂಗಿಲ್ಲೇನಪ?" ಅಂದೆ.

ಅವನು ನಕ್ಕ. ಕೆಟ್ಟ ನಗುವಲ್ಲ, ತಿಳಿಯದವನ ನಗು. "ಗಂಡಸು ಕೊಡ ಹೊತ್ರ ಊರಾಗ ಆಡ್ಕೊಂತಾರಮ್ಮ," ಅಂದ.

ಮೆಟ್ಟಿಲು ಅನ್ನುವುದು ಹೆಸರಿಗೆ. ಬಂಡೆಯನ್ನೇ ಕಡಿದು ಮಾಡಿದ್ದು. ಕೆಲವು ಮೊಣಕಾಲೆತ್ತರ, ಕೆಲವು ಸವೆದು ತಟ್ಟೆಯ ಹಾಗೆ ಕುಳಿಬಿದ್ದವು. ರಾಜರು ಸವೆಸಿದ್ದು ಅಂದರು ಭಾವ. ಒಬ್ಬ ರಾಜ ದಿನಕ್ಕೆ ಎಷ್ಟು ಸಲ ಹತ್ತಿ ಇಳಿದಾನು? ಸವೆಸಿದವರು ಯಾರು ಎಂದು ನನ್ನ ಹಿಂದೆಯೇ ಬರುತ್ತಿದ್ದವಳ ಕಾಲು ನೋಡಿದರೆ ತಿಳಿಯುತ್ತಿತ್ತು. ಹಿಮ್ಮಡಿ ಒಡೆದು ಬೇಸಿಗೆಯ ಎರೆ ಹೊಲದ ಹಾಗಿತ್ತು.

ಅರ್ಧ ದಾರಿಗೆ ನಾನು ತಂದಿದ್ದ ನೀರು ಖಾಲಿ. ಹೆಚ್ಚು ಕುಡಿದವರು ಭಾವ. ಕೋಟೆಯ ಮೊದಲ ಬಾಗಿಲ ಹತ್ತಿರ ಗೋಡೆಯ ಮೇಲೆ ಕುದುರೆ ಸವಾರನ ಕೆತ್ತನೆ ಇತ್ತು. ಭಾವ ಮೆಟ್ಟಿಲ ನಟ್ಟನಡುವೆ ನಿಂತುಬಿಟ್ಟರು. "ನೋಡು ತಮ್ಮಾ, ಜೀನದ ಪಟ್ಟಿ ಸೈತ ಕಡದಾರ," ಎಂದು ಶುರು ಮಾಡಿದರು. ದಾರಿ ಒಬ್ಬರಿಗಷ್ಟೇ. ಹಿಂದೆ ಕೊಡ ಹೊತ್ತವಳು ನಿಂತಳು. ಪರಗಂಡಸಿಗೆ ಸರಿಯಿರಿ ಅನ್ನುವಂತಿಲ್ಲ ಅವಳು. ಭಾವನಿಗೆ ಸರಿಯಿರಿ ಅನ್ನುವಂತಿಲ್ಲ ನಾನು. ಅವಳ ಕುತ್ತಿಗೆಯ ನರ ಎದ್ದು ನಿಂತಿತ್ತು, ತುಂಬಿದ ಕೊಡದ ನೀರು ಕಂಠಕ್ಕೆ ಬಡಿಯುವ ಸದ್ದು ಕೇಳುತ್ತಿತ್ತು.

"ನಿಮ್ಮಣ್ಣಗ ಆ ಕಡಿ ಸರೀಲಿಕ್ಕೆ ಹೇಳ್ರಿ," ಎಂದು ನಮ್ಮ ಮನೆಯವರಿಗೆ ಹೇಳಿದೆ.

ಅವರು ಕೆಮ್ಮಿದರು. "ಅಣ್ಣಾ," ಅಂದರು. ಭಾವ ಕುದುರೆಯ ಬಾಲಕ್ಕೆ ಬಂದಿದ್ದರು. ಮತ್ತೆ ಕೆಮ್ಮಿದರು. "ಅಣ್ಣಾ, ಹಿಂದ ನೀರು ಬಂತು."

ಭಾವ ಆಗ ಗೋಡೆಗೆ ಸರಿದರು. ಅವಳು ಹತ್ತಿ ಹೋಗುವಾಗ ನನ್ನ ಕಿವಿಯ ಹತ್ತಿರ ಸಣ್ಣಗೆ ಅಂದಳು: "ಇಲ್ಲಿ ನೀರಿಗೆ ದಾರಿ ಬಿಡಬೇಕ್ರಿ ಅಕ್ಕ. ದೇವರು ಬಂದ್ರೂ ಗ್ವಾಡಿಗೆ ನಿಂದರಬೇಕು."

ಊರು ಸಣ್ಣದು. ಕೋಟೆಯ ಕಲ್ಲುಗಳನ್ನೇ ಕಿತ್ತು ಕಟ್ಟಿಕೊಂಡ ಮನೆಗಳು. ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ. ಅಕ್ಷರ ಕೊರೆದ ಒಂದು ಉದ್ದ ಕಲ್ಲಿಗೆ ಎಮ್ಮೆ ಕಟ್ಟಿದ್ದರು. ಬಟ್ಟೆ ಒಗೆಯುವ ಬಂಡೆ ಒಂದಿತ್ತು, ಒಣಗಿ ಬೆಳ್ಳಗಾಗಿತ್ತು. ಬಂಡೆಯ ನಡುವೆ ಮಳೆನೀರು ನಿಲ್ಲುವ ದೊಡ್ಡ ದೊಣೆ, ತಳದಲ್ಲಿ ಹಸಿರು ರಾಡಿ. ಸಂಕ್ರಾಂತಿಯವರೆಗೆ ಅದರಲ್ಲಿ ನೀರು, ಆಮೇಲೆ ಮುಂದಿನ ಮಳೆಯವರೆಗೆ ಕೆಳಗಿನ ಬಾವಿ. ಭಾವ ಹಾಳುಗೋಡೆಯ ಮೇಲೆ ನಿಂತು ಬಯಲು ನೋಡಿದರು. "ಆಹಾ, ಗಾಳಿ ನೋಡು. ಬಳ್ಳಾರಿ ಗುಡ್ಡ ಇಲ್ಲಿಂದ ಕಾಣ್ತೈತಿ," ಅಂದರು. ನಾನು ನೋಡಿದ್ದು ಬಾವಿಯನ್ನು. ಸಾಸಿವೆ ಕಾಳಿನಷ್ಟು ಕಾಣುತ್ತಿತ್ತು.

ಮನೆ ದೊಡ್ಡದೇ. ಹುಡುಗನ ತಾಯಿ ತೀರಿಕೊಂಡು ಬಹಳ ದಿನವಾಗಿತ್ತು, ಮನೆ ನಡೆಸುತ್ತಿದ್ದವಳು ಅಜ್ಜಿ. ಬಾಗಿಲಿಗೆ ಬಂದು "ಬರ್ರಿ, ಒಳಗ ಬರ್ರಿ," ಅಂದಳು. ನಮ್ಮ ಕಡೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತೇವೆ, ಒಬ್ಬೊಬ್ಬರಿಗೆ ಒಂದು ಚೆಂಬು. ಅಲ್ಲಿ ಮೂವರಿಗೆ ಒಂದು ಚೆಂಬು. ಅದೂ ಕಲ್ಲಿನ ಬಾನಿಯಲ್ಲಿ ನಿಂತು ತೊಳೆಯಬೇಕು. ನಮ್ಮ ಕಾಲಿನ ನೀರನ್ನು ಅಣ್ಣನ ಹೆಂಡತಿ ಎತ್ತಿಕೊಂಡು ಹೋಗಿ ಎಮ್ಮೆಯ ಮುಂದಿಟ್ಟಳು. ಎಮ್ಮೆ ಕುಡಿಯಿತು.

ಗಂಡಸರು ಪಡಸಾಲೆಯಲ್ಲಿ ಕೂತರು. ಬೆಲ್ಲ ಬಂತು, ಜೊತೆಗೆ ಅರ್ಧರ್ಧ ಲೋಟ ನೀರು. ಭಾವ ಒಂದೇ ಗುಟುಕಿಗೆ ಕುಡಿದು ಲೋಟ ಮುಂದೆ ಚಾಚಿದರು. "ಇನ್ನಷ್ಟು ನೀರು ಕೊಡ್ರಿ."

"ಬರೀ ನೀರು ಯಾಕ? ಬಿಸಲಾಗ ಬಂದೀರಿ, ತಣ್ಣಗ ಮಜ್ಜಿಗಿ ಕುಡೀರಿ," ಅಂದಳು ಅಜ್ಜಿ.

ನಾನು ಒಳಗೆ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದೆ. ಅಜ್ಜಿ ಒಳಗೆ ಬಂದು ಮಜ್ಜಿಗೆಯ ಗಡಿಗೆ ಎಳೆದುಕೊಂಡಳು. ಆಮೇಲೆ ಮೂಲೆಯ ಉಪ್ಪಿನ ಮಡಿಕೆಗೆ ಕೈ ಹಾಕಿದಳು. ಒಂದು ಹಿಡಿ ಹರಳುಪ್ಪು ಎತ್ತಿ ಗಡಿಗೆಗೆ ಹಾಕಿ, ತೋಳು ಮುಳುಗಿಸಿ ಕಲಕಿದಳು. ನನ್ನ ಕಡೆ ನೋಡಲಿಲ್ಲ. ಅಣ್ಣನ ಹೆಂಡತಿ ಎರಡು ಲೋಟ ತುಂಬಿಕೊಂಡು ಹೊರಟಳು. ಅವಳೂ ನನ್ನ ಕಡೆ ನೋಡಲಿಲ್ಲ.

ನಾನು ಎದ್ದು ಪಡಸಾಲೆಯ ಬಾಗಿಲಿಗೆ ಬಂದೆ. ಭಾವ ನನ್ನಿಂದ ಮೂರು ಮಾರು ದೂರ ಕೂತಿದ್ದರು. ಲೋಟ ಕೈಗೆ ಬಂದಿತ್ತು. "ಕುಡೀಬ್ಯಾಡ್ರಿ" ಎಂಬ ಒಂದು ಮಾತು ಸಾಕಿತ್ತು. ಅದು ನನ್ನ ಬಾಯಲ್ಲಿ ಇತ್ತು. ಆದರೆ ಅವರು ಭಾವ, ಅದು ಪರರ ಮನೆ, ನಾನು ತಮ್ಮನ ಹೆಂಡತಿ. ನಮ್ಮ ಮನೆಯವರ ಬೆನ್ನಿಗೆ ಹೇಳಿದೆ: "ಮಜ್ಜಿಗಿಗೆ ಉಪ್ಪು ಹಾಕ್ಯಾರ. ನಿಮ್ಮಣ್ಣಗ ಹೇಳ್ರಿ."

ಅವರು ಕೇಳಿಸಿಕೊಂಡರು. ತಮ್ಮ ಲೋಟ ಕೆಳಗಿಟ್ಟರು. ಕೆಮ್ಮಿದರು. "ಅಣ್ಣಾ," ಅಂದರು.

ಭಾವ ಲೋಟ ಎತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು, "ಏನಂದಿ?" ಅಂದರು.

ಅಷ್ಟರಲ್ಲಿ ಅವರ ನಾಲಗೆಗೂ ರುಚಿ ತಿಳಿದಿರಬೇಕು. ಲೋಟದ ತಳ ನೋಡಿದರು. ಅಲ್ಲಿ ಕರಗದ ಎರಡು ಹರಳು ಉಳಿದಿದ್ದವು. ಅಜ್ಜಿ ಬಾಗಿಲಿಗೆ ಬಂದು ನಿಂತಳು. "ಉಪ್ಪು ಉಂಡ್ರಿ, ಬೀಗರಾದ್ರಿ. ಇನ್ನ ಊಟಕ್ಕ ಏಳ್ರಿ," ಅಂದಳು.

ಊಟಕ್ಕೆ ರೊಟ್ಟಿ, ಪುಂಡಿಪಲ್ಯ, ಹುಗ್ಗಿ. ಹುಗ್ಗಿ ಬೆಳಗ್ಗೆಯೇ ಮಾಡಿಟ್ಟದ್ದು, ಮೇಲೆ ಕೆನೆಗಟ್ಟಿತ್ತು. ಭಾವ ಉಂಡರು. ನಮ್ಮ ಮನೆಯವರೂ ಅಣ್ಣನ ಮುಖ ನೋಡಿ ಕೂತರು. ನಾನು ಮುಟ್ಟಲಿಲ್ಲ. ಅಡುಗೆಮನೆಯಲ್ಲಿ ಅಜ್ಜಿಯ ಎದುರು ಕೂತೆ.

"ಬೇಕಂತ ಹಾಕಿದ್ರಿ," ಅಂದೆ.

"ಹೂಂ," ಅಂದಳು. "ನೋಡಿದೆಲ್ಲ ನೀನು."

"ಹಿರೇರಾಗಿ ಹಿಂಗ ಮಾಡಬಹುದೇನ್ರಿ?"

"ಹಿಂಗ ಮಾಡ್ಲಿಲ್ಲಂದ್ರ ಈ ಗುಡ್ಡಕ್ಕ ಹೆಣ್ಣು ಎಲ್ಲಿಂದ ಬರ್ತಾವ ತಂಗಿ? ಹೊಲ ನೋಡಿ ಹೂಂ ಅಂತಾರ, ಮೆಟ್ಟಲ ನೋಡಿ ಒಲ್ಲೆ ಅಂತಾರ. ನನ್ನ ತಂದದ್ದೂ ಇದ ಮಜ್ಜಿಗಿಲೆ. ನಮ್ಮಪ್ಪ ಎರಡು ಲೋಟ ಕುಡದ. ಆಕಿ ಅಪ್ಪನೂ ಕುಡದ," ಎಂದು ಒಲೆಯ ಮುಂದಿದ್ದ ಅಣ್ಣನ ಹೆಂಡತಿಯ ಕಡೆ ಗದ್ದ ತೋರಿಸಿದಳು. "ರಾಜರ ಕಾಲದಾಗ ಆನಿ ಮ್ಯಾಲ ನೀರು ತರ್ತಿದ್ರಂತ. ಈಗ ಆನಿ ಇಲ್ಲ."

"ಸೊಸ್ತೇರು ಅದಾರ," ಅಂದೆ.

"ಅದಾರ," ಅಂದಳು ಅಜ್ಜಿ. ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಕೂತಲ್ಲೇ ಸೆರಗು ಹಿಂದೆ ಸರಿಸಿ ತಲೆ ಬಗ್ಗಿಸಿದಳು. ನೆತ್ತಿಯ ಮೇಲೆ ರೊಟ್ಟಿಯಷ್ಟು ಅಗಲಕ್ಕೆ ಕೂದಲಿರಲಿಲ್ಲ, ಚರ್ಮ ದಪ್ಪವಾಗಿ ಹೊಳೆಯುತ್ತಿತ್ತು. "ಸಾಯಂಗಿಲ್ಲ ಇದರಿಂದ. ನಾ ಸತ್ತಿಲ್ಲಲ್ಲ," ಅಂದಳು.

ಒಲೆಯ ಮುಂದಿದ್ದವಳು ತಲೆ ಎತ್ತದೆ, "ಇನ್ನೊಬ್ಬಾಕಿ ಬಂದ್ರ ನನಗ ಎರಡು ಕೊಡ ಕಮ್ಮಿ ಆಕ್ಕಾವಕ್ಕ," ಅಂದಳು. ಅವಳಿಗೆ ಏನೆಂದು ಬಯ್ಯಲಿ? ನಾನು ಅವಳ ಜಾಗದಲ್ಲಿದ್ದರೆ ಉಪ್ಪಿನ ಮಡಿಕೆಯನ್ನು ನಾನೇ ಎತ್ತಿ ಕೊಡುತ್ತಿದ್ದೆ.

ಇಳಿಯುವಾಗ ನಾನು ಹಿಂದೆ, ಅವರಿಬ್ಬರು ಮುಂದೆ. ಮೊದಲ ಬಾಗಿಲಲ್ಲಿ ಭಾವ ನಿಲ್ಲಲಿಲ್ಲ. ಕುದುರೆ ಸವಾರನನ್ನು ಈ ಸಲ ನೋಡಲೂ ಇಲ್ಲ. ಅರ್ಧ ಇಳಿದ ಮೇಲೆ, "ಬಿಸಲಾಗ ಲಕ್ಷ್ಯ ಹೋಗ್ಲಿಲ್ಲ ನೋಡು," ಅಂದರು. ಆಗ ನನಗೆ ಸ್ವಲ್ಪ ಜೀವ ಬಂತು. ತಪ್ಪಾಯಿತು ಅಂದವರು ತಿದ್ದಿಕೊಂಡಾರು ಎಂದುಕೊಂಡೆ.

ಕುರುಗೋಡಿನಲ್ಲಿ ಬಸ್ಸಿಗೆ ಕಾಯುವಾಗ, "ಅಂಥಾ ತಪ್ಪೇನಾಗಿಲ್ಲ ಬಿಡು, ಹೆಂಗೂ ಮನಿ ಚೊಲೊ ಐತಿ," ಅಂದರು. ಬಳ್ಳಾರಿ ಮುಟ್ಟುವಷ್ಟರಲ್ಲಿ, "ಉಪ್ಪು ಐತಂತ ವಾಸನಿ ಮ್ಯಾಲೇ ಗೊತ್ತಾಗಿತ್ತು ನನಗ. ನೋಡೇ ಕುಡದೆ," ಅಂದರು. ನಮ್ಮ ಮನೆಯವರು ತಲೆಯಾಡಿಸಿದರು.

ಅಲ್ಲಿ, ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ, ಕಡಲೆ ಮಾರುವವರ, ಹೂವು ಮಾರುವವರ ನಡುವೆ, ನಾನು ಮದುವೆಯಾಗಿ ಬಂದ ಮೇಲೆ ಮೊದಲನೆಯ ಸಲ ಭಾವನ ಮುಂದೆ ಹೋಗಿ ನಿಂತೆ.

"ಭಾವಾ, ಆಕಿ ನನ್ನ ಮಗಳು. ಆಕಿನ್ನ ನಾ ಆ ಗುಡ್ಡಕ್ಕ ಕೊಡಂಗಿಲ್ಲ," ಅಂದೆ.

ಭಾವ ನನ್ನ ಮುಖ ನೋಡಲಿಲ್ಲ. ನನ್ನ ತಲೆಯ ಮೇಲಿಂದ ತಮ್ಮನನ್ನು ನೋಡಿ, "ನಿನ್ನ ಹೆಂಡ್ತಿ ಏನೋ ಅನ್ನಾಕತ್ತಾಳ ನೋಡು," ಅಂದರು.

"ಕೇಳಿಸ್ತಲ್ಲ ನಿಮಗ," ಅಂದೆ.

"ಉಪ್ಪು ಉಂಡು ಒಲ್ಲೆ ಅಂದ್ರ ನಾಳೆ ನನ್ನ ಹೆಣ್ಣುಮಕ್ಕಳ್ನ ಯಾರು ಕೇಳ್ತಾರ ಅಂತ ಕೇಳು ಆಕಿನ್ನ," ಎಂದು ತಮ್ಮನಿಗೇ ಹೇಳಿದರು. ಅವರಿಗೆ ಮದುವೆಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು. ಆ ಮಾತು ಸುಳ್ಳಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು. ತನ್ನ ಬಾಯಾರಿಕೆಗೆ ನನ್ನ ಮಗಳನ್ನು ಕೊಟ್ಟು, ತನ್ನ ಮಕ್ಕಳನ್ನು ಉಳಿಸಿಕೊಳ್ಳುವ ದಾರಿ ಅವರಿಗೆ ಅದೇ ಲೋಟದಲ್ಲಿ ಸಿಕ್ಕಿತ್ತು. ಅವರ ಇಬ್ಬರನ್ನೂ ಮುಂದೆ ಬಯಲು ಸೀಮೆಗೇ ಕೊಟ್ಟರು. ಒಬ್ಬಳು ಹಚ್ಚೊಳ್ಳಿಗೆ, ಒಬ್ಬಳು ರಾರಾವಿಗೆ. ಒಂದು ಕಡೆ ಕಾಲುವೆ, ಒಂದು ಕಡೆ ಹೊಳೆ. ಆ ಎರಡೂ ಮನೆಗಳಿಗೆ ಮನೆ ನೋಡಲು ಹೋದಾಗ ಭಾವ ತಮ್ಮ ನೀರನ್ನು ತಾವೇ ಕಟ್ಟಿಕೊಂಡು ಹೋಗಿದ್ದರು.

ಸಿರುಗುಪ್ಪದ ಬಸ್ಸಿನಲ್ಲಿ ನಮ್ಮ ಮನೆಯವರ ಪಕ್ಕ ಕೂತು ಇನ್ನೊಂದು ಸಲ ನೋಡಿದೆ.

"ನೀವು ಕುಡದಿಲ್ಲ, ನಾ ಕುಡದಿಲ್ಲ. ಹೆತ್ತೋರು ನಾವು. ಹೆತ್ತೋರು ಉಪ್ಪು ಮುಟ್ಟಿಲ್ಲ ಅಂತ ಹೇಳಿ ಕಳಸೂಣು."

"ಹಿರಿಯಾವ ಕುಡದ ಮ್ಯಾಲ ಎಲ್ರೂ ಕುಡದಂಗ," ಅಂದರು. ಒಂದು ಸಲ ಕೆಮ್ಮಿ, "ಆಮ್ಯಾಲ ನಾ ರೊಟ್ಟಿ ತಿಂದೆ," ಅಂದರು.

"ಯಾಕ ತಿಂದ್ರಿ?"

"ಹಸಿದಿತ್ತು," ಅಂದರು.

ಬಸ್ಸು ನೆಲ್ಲಿನ ಗದ್ದೆಗಳ ನಡುವೆ ಹೋಗುತ್ತಿತ್ತು. ಎರಡೂ ಕಡೆ ನೀರು ಹೊಳೆಯುತ್ತಿತ್ತು, ಯಾರಿಗೂ ಬೇಡದ ಹಾಗೆ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪಡಸಾಲೆಯಲ್ಲಿ ಕೂತ ಭಾವನ ಸುತ್ತ ಮನೆಮಂದಿಯೆಲ್ಲ ಸೇರಿತು. ಭಾವ ಕೋಟೆಯ ಬಾಗಿಲು ಹೇಳಿದರು, ಕುದುರೆ ಸವಾರನನ್ನು ಹೇಳಿದರು, ಗಾಳಿ ಹೇಳಿದರು. ಮಜ್ಜಿಗೆಯನ್ನೂ ಹೇಳಿದರು. "ಇಂಥಾ ಮನಿ ಕೈಬಿಡಬಾರ್ದಂತ ನಾನಽ ಉಪ್ಪು ಕೇಳಿ ಇಸಗೊಂಡು ಕುಡದೆ," ಅಂದರು. ಗುಡ್ಡದ ಮೇಲೆ ಆದ ಮರೆವು ಬಳ್ಳಾರಿಯಲ್ಲಿ ಜಾಣತನವಾಗಿತ್ತು, ಸಿರುಗುಪ್ಪಕ್ಕೆ ಬರುವಷ್ಟರಲ್ಲಿ ಮನೆತನದ ತೀರ್ಮಾನವಾಯಿತು. ಎಲ್ಲರೂ ಹೌದು ಹೌದು ಅಂದರು. ಹೌದು ಅನ್ನುವವರಿಗೆ ಏನು, ಹೊರುವವರು ಅವರಲ್ಲ.

ಮಗಳು ಕಂಬದ ಹಿಂದೆ ನಿಂತು ಎಲ್ಲ ಕೇಳಿದ್ದಳು. ನಾನು ಒಲೆ ಹೊತ್ತಿಸುವಾಗ ಬಂದು ಪಕ್ಕದಲ್ಲಿ ಕೂತಳು. ಮುಖ ಅರಳಿತ್ತು.

"ಯವ್ವಾ, ಕ್ವಾಟಿ ಒಳಗ ಮನಿ ಅಂತಲ್ಲ. ಮ್ಯಾಲಿಂದ ಬಳ್ಳಾರಿ ಕಾಣ್ತೈತಂತ?"

"ಕಾಣ್ತೈತಿ."

"ಊರು ಹೆಂಗೈತವ್ವ?"

"ಎತ್ತರ ಐತಿ," ಅಂದೆ.

ಇನ್ನೇನು ಹೇಳಬೇಕಿತ್ತು? ನಿನ್ನನ್ನು ಒಂದು ಲೋಟ ಮಜ್ಜಿಗೆಗೆ ಕೊಟ್ಟು ಬಂದೆವು ಎಂದೇ? ಹೇಳಿದರೆ ಅತ್ತಾಳು, ಅತ್ತು ಹೋದಾಳು. ಹೋಗುವುದು ತಪ್ಪುವುದಿಲ್ಲ.

ಆ ಬೇಸಿಗೆಗೇ ಮದುವೆಯಾಯಿತು. ಆ ಮೆಟ್ಟಿಲನ್ನು ಹದಿನಾಲ್ಕು ವರ್ಷ ಹತ್ತಿದಳು. ಒಂದು ಸಲ ಐದು ತಿಂಗಳ ಬಸುರಿನಲ್ಲಿ ಜಾರಿ ಬಿದ್ದಳು. ಆ ಕೂಸು ಉಳಿಯಲಿಲ್ಲ, ಕೊಡ ಉಳಿಯಿತು ಎಂದು ಅವಳೇ ನನಗೆ ಹೇಳಿದಳು, ಅಜ್ಜಿ ಮಾತಾಡುವ ಹಾಗೆಯೇ, ನಗದೆ, ಅಳದೆ. ಗಂಡ ಆ ದಿನದಿಂದ ಊರವರು ಆಡಿಕೊಂಡರೂ ಒಂದು ಕೊಡ ಹೊರತೊಡಗಿದ. ಅಷ್ಟು ಮಟ್ಟಿಗೆ ಒಳ್ಳೆಯವನು. ಅದಕ್ಕೆ ಒಂದು ಕೂಸು ಬೇಕಾಯಿತು. ಆಮೇಲೆ ಗುಡ್ಡದ ಬುಡದಲ್ಲಿ ಸರಕಾರದವರು ಕೊಳವೆಬಾವಿ ತೋಡಿಸಿದರು, ಜನ ಒಬ್ಬೊಬ್ಬರೇ ಇಳಿದು ಬಂದು ಕೆಳಗೆ ಮನೆ ಕಟ್ಟಿಕೊಂಡರು. ಈಗ ಮೇಲೆ ಯಾರೂ ಇಲ್ಲ. ರಜೆಯ ದಿನ ಬಳ್ಳಾರಿಯಿಂದ ಮೋಟರ್‌ಸೈಕಲ್ಲಿನಲ್ಲಿ ಬಂದವರು ಸೀಸೆಯಲ್ಲಿ ನೀರು ಹಿಡಿದುಕೊಂಡು ಹತ್ತಿ, ಕುದುರೆ ಸವಾರನ ಪಕ್ಕ ನಿಂತು ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ಸವೆದ ಮೆಟ್ಟಿಲನ್ನು ತೋರಿಸಿ ರಾಜರ ಕಾಲದ್ದು ಅನ್ನುತ್ತಾರಂತೆ. ನನ್ನ ಮಗಳು ಕೆಳಗಿನ ಮನೆಯ ಕಟ್ಟೆಯ ಮೇಲೆ ಕೂತು ಅವರನ್ನು ನೋಡುತ್ತಾಳೆ. ತಲೆಯ ಮೇಲಿನ ಸೆರಗನ್ನು ಯಾರ ಎದುರೂ ಸರಿಸುವುದಿಲ್ಲ.

ಅಂದು ರಾತ್ರಿ ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೇ: ಮದುವೆಗೆ ಹೆಚ್ಚೆಂದರೆ ಎರಡು ತಿಂಗಳಿದೆ, ನನ್ನ ಮಗಳಿಗೆ ತಲೆಯ ಮೇಲೆ ನೀರು ಹೊರಲು ಬರುವುದಿಲ್ಲ.

ಮರುದಿನ ಬೆಳಗ್ಗೆ ಹಳೆಯ ಸೀರೆಯ ಒಂದು ತುಂಡು ಹರಿದು ಬಿಗಿಯಾಗಿ ಸಿಂಬಿ ಸುತ್ತಿದೆ. ಮಲಗಿದ್ದವಳನ್ನು ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋದೆ. ಕಾಲುವೆಯಲ್ಲಿ ದೊಡ್ಡ ಕೊಡ ಮುಳುಗಿಸಿ ಕಂಠದವರೆಗೆ ತುಂಬಿದೆ. ಸಿಂಬಿ ನೆತ್ತಿಯ ಮೇಲಿಟ್ಟು, ಕೊಡ ಎತ್ತಿ ಅದರ ಮೇಲಿಟ್ಟೆ. ಅವಳ ಕುತ್ತಿಗೆ ಒಂದು ಸಲ ಕುಸಿದು ನಿಂತಿತು.

"ಏರಿ ಹತ್ತು," ಅಂದೆ. ನಮ್ಮ ಕಡೆ ಹತ್ತಲು ಇದ್ದದ್ದು ಕಾಲುವೆಯ ಏರಿ ಒಂದೇ.

"ನೀರು ಇಲ್ಲೇ ಐತಲ್ಲವ್ವ," ಅಂದಳು ನಗುತ್ತ. "ಮ್ಯಾಲ ಯಾಕ ಒಯ್ಯಬೇಕು?"

"ಕೈ ಬಿಡು. ಹತ್ತು."

ಅರ್ಧ ಏರಿಗೆ ಹೋಗುವಷ್ಟರಲ್ಲಿ ಕೊಡ ವಾಲಿ ನೀರೆಲ್ಲ ಮೈ ಮೇಲೆ ಚೆಲ್ಲಿಕೊಂಡಳು. ನಗುತ್ತಲೇ ಇಳಿದು ಬಂದಳು. ನಾನು ಕೊಡ ಇಸಿದುಕೊಂಡು ಮತ್ತೆ ತುಂಬಿದೆ, ಮತ್ತೆ ಅವಳ ತಲೆಯ ಮೇಲಿಟ್ಟೆ.